ಗಣಿಗೆ ಮೊದಲು ನೆಲ ಬಲ್ಲವರನ್ನು ಕೇಳುವುದು: ಕೆನಡಾದ ಅನುಭವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲಿ ದೊಡ್ಡ ಗಣಿ ತೆರೆಯುವ ಮೊದಲು ನೀರು, ಮೀನು, ಕಾಡು, ಜನ ಇವುಗಳ ಮೇಲೆ ಏನು ಪರಿಣಾಮ ಆಗುತ್ತದೆ ಎಂದು ಪರೀಕ್ಷಿಸಬೇಕು. ನಾವು ಇಐಎ ಎನ್ನುತ್ತೇವಲ್ಲ, ಅದೇ ಪರಿಸರ ಪರಿಣಾಮ ಮೌಲ್ಯಮಾಪನ. ಕಳೆದ ಐವತ್ತು ವರ್ಷಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಹೋರಾಡಿ ಅದರೊಳಗೆ ಒಂದು ಜಾಗ ಗಿಟ್ಟಿಸಿಕೊಂಡಿದ್ದಾರೆ. ನಮ್ಮ ನೆಲದ ಬಗ್ಗೆ ನಮ್ಮನ್ನು ಕೇಳಿ, ಕೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುವ ಹಕ್ಕು ಅದು. ಈ ವಿಷಯ ಓದುವಾಗ ಕನ್ನಡದ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಾಂಪ್ರದಾಯಿಕ ನೆಲ ಬಳಕೆಯ ಜ್ಞಾನ ಅಂದರೆ ಏನು?

ಇದರಲ್ಲಿ ಎರಡು ಸಂಗತಿಗಳಿವೆ. ಜನ ಎಲ್ಲಿ ಬೇಟೆಯಾಡುತ್ತಾರೆ, ಎಲ್ಲಿ ಬಲೆ ಹಾಕುತ್ತಾರೆ, ಎಲ್ಲಿ ಹಣ್ಣು ಆಯುತ್ತಾರೆ, ಯಾವ ದಾರಿಯಲ್ಲಿ ಓಡಾಡುತ್ತಾರೆ, ಸತ್ತವರನ್ನು ಎಲ್ಲಿ ಹೂಳಿದ್ದಾರೆ ಎನ್ನುವುದು ಒಂದು. ಹಾಗೆ ಬದುಕುತ್ತಾ ಆ ನೆಲ, ನೀರು, ಪ್ರಾಣಿಗಳ ಬಗ್ಗೆ ಏನು ಕಲಿತಿದ್ದಾರೆ ಎನ್ನುವುದು ಇನ್ನೊಂದು. ಎರಡನ್ನೂ ಬೇರೆ ಮಾಡೋದು ಕಷ್ಟ.

ಒಂದು ಹೆಸರಿನ ಕಥೆ ಹೇಳುತ್ತೇನೆ. ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ, ಯೆಲ್ಲೋನೈಫ್ ಪಟ್ಟಣದಿಂದ ಸುಮಾರು 300 ಕಿಲೋಮೀಟರ್ ಈಶಾನ್ಯಕ್ಕೆ, ಮರವೇ ಬೆಳೆಯದ ಬಯಲಿನಲ್ಲಿ ಒಂದು ದೊಡ್ಡ ಸರೋವರ ಇದೆ. ಅಲ್ಲಿನ ಟ್ಲಿಚೊ ಜನರ ಭಾಷೆಯಲ್ಲಿ ಅದರ ಹೆಸರು ಎಕಾಟಿ. ಅಂದರೆ ಕೊಬ್ಬಿನ ಸರೋವರ. ಅಲ್ಲಿನ ಬಂಡೆಗಳಲ್ಲಿ ಬೆಣಚುಕಲ್ಲಿನ ಬಿಳಿ ಪಟ್ಟೆಗಳಿವೆ. ನೋಡಲು ಕ್ಯಾರಿಬೂ ಎಂಬ ಹಿಮನಾಡಿನ ದೊಡ್ಡ ಜಿಂಕೆಯ ಕೊಬ್ಬಿನ ಹಾಗಿರುತ್ತವೆ. ಬೇಟೆಗೆ ಬಂದವರು ಬಂಡೆಯನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಎಂದು ಹೆಸರೇ ಹೇಳುತ್ತದೆ. 1991ರಲ್ಲಿ ಅದೇ ಸೀಮೆಯಲ್ಲಿ ವಜ್ರ ಸಿಕ್ಕಿತು. 1998ರಲ್ಲಿ ತೆರೆದ ಕೆನಡಾದ ಮೊದಲ ವಜ್ರದ ಗಣಿಗೆ ಎಕಾಟಿ ಎಂದೇ ಹೆಸರಿಟ್ಟರು. ನಮ್ಮಲ್ಲೂ ನೆಲ್ಲಿಕಟ್ಟೆ, ಹುಲಿಕೆರೆ ಎಂದು ಊರಿಗೆ ಹೆಸರಿಟ್ಟವರು ಅಲ್ಲಿ ಏನಿತ್ತು ಎಂದು ನೋಡಿಯೇ ಇಟ್ಟದ್ದು, ಅಲ್ವಾ?

ಇದನ್ನು ಹೇಗೆ ಸಂಗ್ರಹಿಸುತ್ತಾರೆ?

ಹಳೆಯ ಕ್ರಮ ನಕ್ಷೆಯ ಮೇಲೆ ಬದುಕಿನ ಕಥೆ ಬರೆಸುವುದು. ಮೇಜಿನ ಮೇಲೆ ನಕ್ಷೆ ಹಾಸುತ್ತಾರೆ. ಹಿರಿಯರು ಚಿಕ್ಕಂದಿನಿಂದ ಎಲ್ಲೆಲ್ಲಿ ಓಡಾಡಿದರು, ಮೊದಲ ಕ್ಯಾರಿಬೂ ಎಲ್ಲಿ ಹೊಡೆದರು, ಯಾವ ಚಳಿಗಾಲ ಎಲ್ಲಿ ಡೇರೆ ಹಾಕಿದರು, ಮಗು ಎಲ್ಲಿ ಹುಟ್ಟಿತು ಎಂದು ಹೇಳುತ್ತಾ ಗೆರೆ ಎಳೆಯುತ್ತಾರೆ. 1970ರ ದಶಕದಲ್ಲಿ ಇನ್ಯುಯಿಟ್ ಜನ ಹೀಗೆ ಸುಮಾರು 1,600 ಮಂದಿಯ ಬದುಕಿನ ನಕ್ಷೆ ಮಾಡಿಸಿದರು. 1976ರಲ್ಲಿ ಅದು ಮೂರು ಸಂಪುಟಗಳಲ್ಲಿ ಹೊರಬಂತು. ಹೊರಗಿನವರು ಬರೀ ಹಿಮ ಎಂದುಕೊಂಡ ಉತ್ತರದ ನೆಲ, ನೀರು, ಹೆಪ್ಪುಗಟ್ಟಿದ ಸಮುದ್ರದ ಮೇಲೆಲ್ಲ ಜನರ ಓಡಾಟದ ಗೆರೆ ತುಂಬಿತ್ತು.

ಈಗ ಜಿಪಿಎಸ್, ವಿಡಿಯೊ ಎಲ್ಲ ಇದೆ. ಆದರೂ ಒಳ್ಳೆಯ ಅಧ್ಯಯನ ನಡೆಯೋದು ಹೊರಗೆ. ಕೋಣೆಯಲ್ಲಿ ಕೂತಾಗ ನೆನಪಾಗದ ಸಂಗತಿ ದೋಣಿ ಒಂದು ತಿರುವು ದಾಟಿದ ಕೂಡಲೇ ನೆನಪಾಗುತ್ತದೆ. ಅಜ್ಜಿಯನ್ನು ತವರಿನ ಹಿತ್ತಲಿಗೆ ಕರೆದುಕೊಂಡು ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಜೊತೆಗೆ ಸ್ವಂತ ಭಾಷೆಯಲ್ಲಿ ಮಾತಾಡಲು ಬಿಡಬೇಕು, ಅದೇ ಊರಿನವರು ಅನುವಾದ ಮಾಡಬೇಕು. ಮಂಜಿಗೆ, ನೀರಿನ ಹರಿವಿಗೆ, ಪ್ರಾಣಿಯ ವಯಸ್ಸಿಗೆ ಅವರಲ್ಲಿರುವ ಮಾತುಗಳು ಇಂಗ್ಲಿಷಿಗೆ ಬಂದರೆ ಅರ್ಧ ಸೋರಿಹೋಗುತ್ತವೆ.

ನಕ್ಷೆಯಲ್ಲಿ ಗುರುತು ಇಲ್ಲದ ಜಾಗ ಖಾಲಿ ಅಂತ ಲೆಕ್ಕವಾ?

ಖಂಡಿತ ಅಲ್ಲ. ತುಂಬಾ ವರದಿಗಳು ಎಡವೋದು ಇಲ್ಲೇ. ಬೇಟೆಯಾಡಿದ ಜಾಗಕ್ಕೆ ಒಂದು ಚುಕ್ಕೆ ಇಟ್ಟಿರುತ್ತಾರೆ. ಆದರೆ ಆ ಪ್ರಾಣಿ ಅಲ್ಲಿಗೆ ಬರಲು ಮರಿ ಹಾಕುವ ಜಾಗ, ಮೇಯುವ ಜಾಗ, ಹೊಳೆ ದಾಟುವ ಜಾಗ ಎಲ್ಲ ಬೇಕು. ಗಣಿಯ ಗಡಿ ಚುಕ್ಕೆಯಿಂದ ಎರಡು ಕಿಲೋಮೀಟರ್ ದೂರ ಇದೆ, ಆದ್ದರಿಂದ ತೊಂದರೆ ಇಲ್ಲ ಎಂದು ಬರೆದರೆ ಅದು ನೆಲ ಓದಿದ ಹಾಗಲ್ಲ. ಇನ್ನು ಕೆಲವು ಜಾಗಗಳನ್ನು ಜನ ಬೇಕೆಂದೇ ಬಳಸದೆ ಬಿಟ್ಟಿರುತ್ತಾರೆ. ಕೆಲವನ್ನು ಬೇಕೆಂದೇ ಹೇಳದೆ ಇಟ್ಟುಕೊಂಡಿರುತ್ತಾರೆ.

ಇದೆಲ್ಲ ಯಾವಾಗ ಶುರುವಾಯಿತು?

ದೊಡ್ಡ ತಿರುವು ಬಂದದ್ದು ಗಣಿಯಿಂದಲ್ಲ, ಒಂದು ಅನಿಲ ಕೊಳವೆಯಿಂದ. ಮೆಕೆಂಜಿ ಕಣಿವೆಯಲ್ಲಿ ಕೊಳವೆ ಹಾಕುವ ಯೋಜನೆ ಪರಿಶೀಲಿಸಲು 1974ರಲ್ಲಿ ನ್ಯಾಯಮೂರ್ತಿ ಥಾಮಸ್ ಬರ್ಗರ್ ಅವರನ್ನು ನೇಮಿಸಿದರು. ಅವರು ರಾಜಧಾನಿಯಲ್ಲಿ ಕೂರಲಿಲ್ಲ. ಮೂವತ್ತೈದು ಊರುಗಳಿಗೆ ಹೋಗಿ, ಅಲ್ಲಿನವರ ಭಾಷೆಗಳಲ್ಲೇ ಅಹವಾಲು ಕೇಳಿದರು. ಸುಮಾರು ಸಾವಿರ ಜನ ಮಾತಾಡಿದರು. ಮೂಲನಿವಾಸಿಗಳ ಭೂಹಕ್ಕು ಇತ್ಯರ್ಥ ಆಗುವ ತನಕ ಹತ್ತು ವರ್ಷ ಕಣಿವೆಯಲ್ಲಿ ಕೊಳವೆ ಬೇಡ ಎಂದು 1977ರಲ್ಲಿ ವರದಿ ಕೊಟ್ಟರು.

ಆಮೇಲೆ ಕೋರ್ಟುಗಳು ದಾರಿ ಮಾಡಿದವು. ಬಾಯಿಂದ ಬಾಯಿಗೆ ಬಂದ ಚರಿತ್ರೆಗೂ ಸಾಕ್ಷ್ಯದ ಬೆಲೆ ಕೊಡಬೇಕು ಎಂದು 1997ರ ಡೆಲ್ಗಮೂಕ್ ತೀರ್ಪಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಹಕ್ಕು ಇನ್ನೂ ಸಾಬೀತಾಗಿಲ್ಲದಿದ್ದರೂ ಸರ್ಕಾರ ಅವರೊಡನೆ ಸಮಾಲೋಚನೆ ಮಾಡಲೇಬೇಕು ಎಂದು 2004ರ ಹೈಡಾ ತೀರ್ಪಿನಲ್ಲಿ ಹೇಳಿತು. 2019ರಲ್ಲಿ ಜಾರಿಯಾದ ಕೇಂದ್ರದ ಕಾನೂನು, ಮೂಲನಿವಾಸಿಗಳು ಕೊಟ್ಟ ಜ್ಞಾನವನ್ನು ಮೌಲ್ಯಮಾಪನದಲ್ಲಿ ಪರಿಗಣಿಸಲೇಬೇಕು ಎಂದು ಕಡ್ಡಾಯ ಮಾಡಿತು.

ವಿಜ್ಞಾನಿಗಳು ಇದ್ದಾರಲ್ಲ, ಹಿರಿಯರ ಮಾತು ಯಾಕೆ ಬೇಕು?

ನನಗೆ ಈ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಗಣಿಯ ಇಐಎಗೆ ಸಾಮಾನ್ಯವಾಗಿ ಕೆಲವೇ ವರ್ಷ ಸಮೀಕ್ಷೆ ಮಾಡುತ್ತಾರೆ. ಆ ಕೆಲವು ವರ್ಷ ಕಂಡದ್ದೇ 'ಮೊದಲಿನ ಸ್ಥಿತಿ' ಆಗಿಬಿಡುತ್ತದೆ. ಕ್ಯಾರಿಬೂ ಹಿಂಡುಗಳು ಹಾಗಿರೋದಿಲ್ಲ. ದಶಕಗಟ್ಟಲೆ ಏರುತ್ತವೆ, ಇಳಿಯುತ್ತವೆ, ದಾರಿ ಬದಲಿಸುತ್ತವೆ. ಎಕಾಟಿ ಸೀಮೆಯ ಬಾಥರ್ಸ್ಟ್ ಹಿಂಡಿನಲ್ಲಿ 1986ರಲ್ಲಿ ಸುಮಾರು 4,70,000 ಪ್ರಾಣಿಗಳಿದ್ದವು. 2018ರಲ್ಲಿ ಉಳಿದದ್ದು ಸುಮಾರು 8,200. ಇದಕ್ಕೆ ಗಣಿ ಒಂದೇ ಕಾರಣ ಎಂದು ಯಾರೂ ಹೇಳಲಾರರು. ಹವಾಮಾನ, ಮೇವು, ಕಾಡ್ಗಿಚ್ಚು, ಬೇಟೆ, ತೋಳ, ಗಣಿ, ರಸ್ತೆ ಎಲ್ಲದರ ಮಾತೂ ಬರುತ್ತದೆ. ಆದರೆ ಅಜ್ಜನ ಕಾಲದಲ್ಲಿ ಹಿಂಡು ಕಡಿಮೆಯಾದಾಗ ಎಲ್ಲಿ ಉಳಿದುಕೊಂಡಿತು, ಯಾವ ದಾರಿಯಲ್ಲಿ ತಿರುಗಿ ಬಂತು ಎಂದು ಕೇಳಬೇಕಾದರೆ ಯಾವ ದತ್ತಾಂಶ ಇದೆ? ಹಿರಿಯರ ನೆನಪು ಮತ್ತು ಅವರ ಹಿರಿಯರಿಂದ ಬಂದ ಕಥೆಗಳೇ ಇವೆ.

ಎಕಾಟಿ ಗಣಿಯನ್ನು ಪರಿಶೀಲಿಸಿದ ಕೇಂದ್ರದ ಸಮಿತಿ 1996ರಲ್ಲಿ ವರದಿ ಕೊಟ್ಟಿತು. ಸಾಂಪ್ರದಾಯಿಕ ಜ್ಞಾನಕ್ಕೂ ವಿಜ್ಞಾನಕ್ಕೂ ಪೂರ್ಣವಾಗಿ, ಸಮನಾಗಿ ಗಮನ ಕೊಡಬೇಕು ಎನ್ನುವುದು ಆ ಪರಿಶೀಲನೆಗೆ ಹಾಕಿಕೊಟ್ಟ ನಿಯಮ. ಕೆನಡಾದಲ್ಲಿ ಆಗ ಇದರ ಮೇಲೆ ಜೋರು ವಾದ ನಡೆಯಿತು. ನಂಬಿಕೆಯನ್ನು ವಿಜ್ಞಾನದ ಪಕ್ಕ ಕೂರಿಸಿದರು ಎಂದು ಕೆಲವರು ಬೈದರು. ಆದರೆ ಆ ಜ್ಞಾನ ಎಷ್ಟು ನಿಖರ ಇರಬಲ್ಲದು ಎನ್ನುವುದಕ್ಕೆ ಆಲ್ಬರ್ಟಾ ಪ್ರಾಂತ್ಯದಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ.

ಅಲ್ಲಿ ಅಥಬಾಸ್ಕ ನದಿಯ ದಂಡೆಯಲ್ಲಿ ಮರಳಿನಿಂದ ತೈಲ ತೆಗೆಯುವ ದೊಡ್ಡ ಗಣಿಗಳಿವೆ. ಅವು ನದಿಯಿಂದ ನೀರು ಎತ್ತುತ್ತವೆ. ಮೀನಿಗೆ ಎಷ್ಟು ನೀರು ಉಳಿಸಬೇಕು ಎಂದು ತಜ್ಞರು ಲೆಕ್ಕ ಹಾಕಿದ್ದರು. ದೋಣಿಗೆ ಎಷ್ಟು ಬೇಕು ಎಂದು ಕೆಳಗಿನ ಊರಿನವರನ್ನು ಕೇಳಿದಾಗ ಹೊಸದೊಂದು ಲೆಕ್ಕ ಬಂತು. ಯಾವ ಕಾಲುವೆಯಲ್ಲಿ ದೋಣಿ ಯಾವಾಗ ತಳ ಹತ್ತುತ್ತದೆ, ಯಾವ ಬೇಟೆಯ ಜಾಗಕ್ಕೆ ಯಾವ ವರ್ಷದಿಂದ ಹೋಗಲಾಗುತ್ತಿಲ್ಲ ಎಂದು ಅಥಬಾಸ್ಕ ಚಿಪೆವ್ಯಾನ್ ಮತ್ತು ಮಿಕಿಸ್ಯೂ ಕ್ರೀ ಜನ ಹೇಳಿದರು. ಅದನ್ನು ನದಿಯ ಅಳತೆಯ ಜೊತೆ ಹೊಂದಿಸಿ ನೋಡಿದರು. ನದಿಯಲ್ಲಿ ಸೆಕೆಂಡಿಗೆ 1,600 ಘನ ಮೀಟರ್ ನೀರಿದ್ದರೆ ತಮ್ಮ ಸೀಮೆಯಲ್ಲೆಲ್ಲ ಓಡಾಡಬಹುದು. 400ಕ್ಕಿಂತ ಇಳಿದರೆ ಬಹಳಷ್ಟು ಕಡೆ ಹೋಗಲಾಗುವುದಿಲ್ಲ. 2010ರ ಈ ಲೆಕ್ಕ ಹುಟ್ಟಿದ್ದು ದೋಣಿ ನಡೆಸುವವರ ಅನುಭವದಿಂದ. ಮೀನಿನ ಲೆಕ್ಕ ಮಾಡಿದವರಿಗೆ ಈ ಪ್ರಶ್ನೆಯೇ ಹೊಳೆದಿರಲಿಲ್ಲ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳುವ ಮಾತೂ ಇದೇ ಜಾತಿಯದು. ಮೊದಲು ತಾವು ವರ್ಷದ ಆರಂಭದಲ್ಲೇ ಸಣ್ಣಗೆ ತರಗು ಬೆಂಕಿ ಹಾಕುತ್ತಿದ್ದೆವು, ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡನ್ನು ನುಂಗಿತು ಎನ್ನುತ್ತಾರೆ. ಸಂಶೋಧಕರು ಇದನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ.

ಹಿರಿಯರ ಮಾತೂ ತಪ್ಪಾಗಬಹುದಲ್ವಾ?

ಆಗಬಹುದು. ಯಾವ ಸಮುದಾಯವೂ ಒಬ್ಬ ಹೇಳಿದ್ದನ್ನು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ಅವನು ಅಲ್ಲಿ ಎಷ್ಟು ವರ್ಷ ಇದ್ದ, ಯಾರಿಂದ ಕಲಿತ, ಕಣ್ಣಾರೆ ಕಂಡದ್ದಾ ಕೇಳಿದ್ದಾ ಎಂದು ಅವರೇ ತೂಗುತ್ತಾರೆ. ಸಂಗ್ರಹಿಸಿದ್ದನ್ನು ಊರವರ ಮುಂದೆ ಇಟ್ಟು, ತಿದ್ದಿಸಿ, ಆಮೇಲೆ ವರದಿಗೆ ಸೇರಿಸಬೇಕು.

ಎರಡೂ ಬಗೆಯ ಪರೀಕ್ಷೆ ಜೊತೆಯಲ್ಲೇ ನಡೆದ ಜಾಗವೂ ಇದೆ. ಎಕಾಟಿಯ ನೆರೆಯ ಡಿಯಾವಿಕ್ ವಜ್ರದ ಗಣಿಯ ಬಳಿ ಕೆಲವು ವರ್ಷಗಳಿಗೊಮ್ಮೆ ಮೀನಿನ ಶಿಬಿರ ಮಾಡುತ್ತಾರೆ. ಹಿರಿಯರು, ಕಿರಿಯರು, ವಿಜ್ಞಾನಿಗಳು ಒಟ್ಟಿಗೆ ಸರೋವರದ ದಡದಲ್ಲಿ ಉಳಿಯುತ್ತಾರೆ. ಮೀನು ಹಿಡಿದು, ಸೀಳಿ, ಯಕೃತ್ತಿನ ಬಣ್ಣ, ಮಾಂಸದ ಗಟ್ಟಿತನ, ಕೊಬ್ಬು ನೋಡುತ್ತಾರೆ. ಬೇಯಿಸಿ ರುಚಿ ನೋಡುತ್ತಾರೆ. ಅದೇ ಮೀನಿನ ತುಂಡು ಲೋಹದ ಪರೀಕ್ಷೆಗೆ ಪ್ರಯೋಗಾಲಯಕ್ಕೂ ಹೋಗುತ್ತದೆ. ಲ್ಯಾಬ್ ಸರಿ ಇದೆ ಎಂದರೂ ತಿನ್ನುವವರಿಗೆ ನಂಬಿಕೆ ಬಾರದಿದ್ದರೆ ಅವರು ಆ ಮೀನು ತಿನ್ನೋದಿಲ್ಲ. ಅದೂ ಗಣಿಯ ಪರಿಣಾಮವೇ.

ಈ ಜ್ಞಾನದ ಬಲದಿಂದ ಗಣಿ ನಿಂತದ್ದಿದೆಯಾ?

ಇದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಟೆಜ್ಟಾನ್ ಬಿನಿ ಎಂಬ ಸರೋವರ ಇದೆ. ಇಂಗ್ಲಿಷಿನಲ್ಲಿ ಫಿಶ್ ಲೇಕ್. ಟ್ಸಿಲ್ಕೋಟಿನ್ ಜನರ ಮೀನಿನ ತಾಣ ಅದು. ಅದರ ಪಕ್ಕದಲ್ಲೇ ಚಿನ್ನ ಮತ್ತು ತಾಮ್ರದ ದೊಡ್ಡ ನಿಕ್ಷೇಪ. ಟಾಸೆಕೊ ಎಂಬ ಕಂಪನಿ ಅಲ್ಲಿ ಪ್ರಾಸ್ಪೆರಿಟಿ ಎಂಬ ಗಣಿ ಯೋಜನೆ ಹಾಕಿತು. ಸರೋವರವನ್ನು ಬರಿದು ಮಾಡಿ, ಬದಲಿಗೆ ಬೇರೊಂದು ಕಡೆ ಹೊಸ ಸರೋವರ ಕಟ್ಟಿಕೊಡುತ್ತೇವೆ ಎಂದಿತು.

ಪ್ರಾಂತ್ಯ ಸರ್ಕಾರ 2010ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೇಂದ್ರದ ಸಮಿತಿ ಬೇರೆಯಾಗಿ ವಿಚಾರಣೆ ಮಾಡಿತು. ಸಮಿತಿ ಊರೂರಿಗೆ ಹೋಯಿತು. ಹಿರಿಯರು ತಮ್ಮ ಭಾಷೆಯಲ್ಲಿ ಮಾತಾಡಿದರು. ಆ ಸೀಮೆಯಲ್ಲಿ ಯಾವ ಮನೆತನ ವಾಸ ಮಾಡಿತ್ತು, ಎಲ್ಲಿ ಔಷಧಿ ಗಿಡ ಕೀಳುತ್ತಾರೆ, ಎಲ್ಲಿ ಹೂಳಿದ ಜಾಗಗಳಿವೆ ಎಂದು ಹೇಳಿದರು. ಸಮಿತಿಗೆ ಒಂದು ವಿಷಯ ಸ್ಪಷ್ಟವಾಯಿತು: ಹೊಸ ಸರೋವರ ತೋಡಿ ಮೀನು ಬಿಡಬಹುದು, ಆದರೆ ಈ ಜಾಗಕ್ಕೆ ಅಂಟಿಕೊಂಡ ಬದುಕನ್ನು ಅಲ್ಲಿಗೆ ಎತ್ತಿಡಲಾಗದು. ಮೀನಿನ ನೆಲೆ, ಮೂಲನಿವಾಸಿಗಳ ನೆಲ ಬಳಕೆ, ಅವರ ಸಾಂಸ್ಕೃತಿಕ ಪರಂಪರೆ ಇವಕ್ಕೆ ಗಂಭೀರ ಹಾನಿ ಆಗುತ್ತದೆ ಎಂದು ವರದಿ ಬಂತು. 2010ರ ನವೆಂಬರಿನಲ್ಲಿ ಕೇಂದ್ರ ಯೋಜನೆಯನ್ನು ತಿರಸ್ಕರಿಸಿತು.

ಕಂಪನಿ ಹೊಸ ನಕ್ಷೆ ತಂದಿತು. ಸರೋವರ ಉಳಿಸುತ್ತೇವೆ, ಗಣಿಯ ಕೆಸರನ್ನು ಮೇಲುಗಡೆ ಸ್ವಲ್ಪ ದೂರದಲ್ಲಿ ನಿಲ್ಲಿಸುತ್ತೇವೆ ಎಂದಿತು. ಕೆಸರಿನ ನೀರು ಒಸರಿ ಸರೋವರ ಕೆಡುತ್ತದೆ ಎಂದು 2013ರಲ್ಲಿ ಎರಡನೇ ಸಮಿತಿ ಹೇಳಿತು. 2014ರ ಫೆಬ್ರವರಿಯಲ್ಲಿ ಮತ್ತೆ ತಿರಸ್ಕಾರ. ಟ್ಸಿಲ್ಕೋಟಿನ್ ಜನರ ಒಪ್ಪಿಗೆ ಇಲ್ಲದೆ ಅಲ್ಲಿ ಗಣಿ ಇಲ್ಲ ಎನ್ನುವ ಒಪ್ಪಂದಕ್ಕೆ 2025ರಲ್ಲಿ ಕಂಪನಿ, ಪ್ರಾಂತ್ಯ ಸರ್ಕಾರ, ಟ್ಸಿಲ್ಕೋಟಿನ್ ಜನ ಮೂವರೂ ಬಂದರು. ಅಂದರೆ ಹದಿನೈದು ವರ್ಷ ಕಳೆದ ಮೇಲೆ.

ಇನ್ನೊಂದು ಪ್ರಸಂಗ ಚಿಕ್ಕದು, ಆದರೆ ನನ್ನನ್ನು ಜಾಸ್ತಿ ತಟ್ಟಿದ್ದು ಅದೇ. ವಾಯವ್ಯ ಪ್ರಾಂತ್ಯದ ಥೀಲಾನ್ ನದಿಯ ಮೇಲ್ಭಾಗದಲ್ಲಿ ಯುರೇನಿಯಂ ಇದೆಯಾ ಎಂದು ನೋಡಲು ಒಂದು ಕಂಪನಿ ಕೆಲವೇ ರಂಧ್ರ ಕೊರೆಯಲು ಅನುಮತಿ ಕೇಳಿತು. ಗಣಿಯೇ ಅಲ್ಲ, ಬರೀ ಹುಡುಕಾಟ. ಲುಟ್ಸೆಲ್ ಕೆ ಊರಿನ ಡೆನೆ ಜನರಿಗೆ ಅದು ದೇವರು ಸೃಷ್ಟಿ ಆರಂಭಿಸಿದ ಜಾಗ. ಪರಿಶೀಲನಾ ಮಂಡಳಿ 2007ರಲ್ಲಿ ಸಂಸ್ಕೃತಿಗೆ ಆಗುವ ಹಾನಿಯನ್ನೇ ಕಾರಣವಾಗಿ ಕೊಟ್ಟು ಬೇಡ ಎಂದಿತು. ಸರ್ಕಾರ ಒಪ್ಪಿತು.

ಕೇಳಿಸಿಕೊಂಡೂ ಒಪ್ಪಿಗೆ ಕೊಟ್ಟದ್ದು?

ಅದು ಜಾಸ್ತಿ. ಆಲ್ಬರ್ಟಾದ ಜಾಕ್‌ಪೈನ್ ತೈಲ ಗಣಿಯ ವಿಸ್ತರಣೆಯನ್ನೇ ನೋಡಿ. 2013ರಲ್ಲಿ ಪರಿಶೀಲನಾ ಸಮಿತಿ ಮೂಲನಿವಾಸಿಗಳ ಮಾತು ಕೇಳಿತು. ಅವರ ನೆಲ ಬಳಕೆಗೆ ಗಂಭೀರ ಹಾನಿ ಆಗುತ್ತದೆ ಎಂದು ಬರೆಯಿತು ಕೂಡ. ಆದರೂ ಯೋಜನೆ ಸಾರ್ವಜನಿಕ ಹಿತಕ್ಕೆ ಒಳ್ಳೆಯದು ಎಂದಿತು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ, ಪರಿಸ್ಥಿತಿ ನೋಡಿದರೆ ಈ ಹಾನಿ ಸಮರ್ಥನೀಯ ಎಂದು ಒಪ್ಪಿಗೆ ಕೊಟ್ಟಿತು. ಹಾನಿ ಆಗುತ್ತದೆ ಎಂದು ಗೊತ್ತಿದ್ದೇ ಕೊಟ್ಟ ಒಪ್ಪಿಗೆ ಅದು. ಸಮಾಲೋಚನೆ ಬೇರೆ, ಸಮ್ಮತಿ ಬೇರೆ. ಈ ಎರಡರ ನಡುವಿನ ಅಂತರವೇ ಇಂದಿಗೂ ಅಲ್ಲಿನ ಜಗಳದ ಮೂಲ.

ಗುಟ್ಟಾಗಿ ಇಡಬೇಕಾದದ್ದನ್ನು ಹೇಳಲೇಬೇಕಾ?

ಹೇಳಬೇಕಿಲ್ಲ. ಔಷಧಿ ಗಿಡದ ಜಾಗ, ಸಮಾಧಿಯ ಜಾಗ ಬಹಿರಂಗವಾದರೆ ಕಳ್ಳರು ಬರುತ್ತಾರೆ, ಗುಂಪು ಸೇರುತ್ತದೆ. 2019ರ ಕಾನೂನಿನ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗುಟ್ಟಾಗಿ ಕೊಟ್ಟ ಜ್ಞಾನವನ್ನು ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವಂತಿಲ್ಲ. ಮಾಹಿತಿಯ ಒಡೆತನ, ಹತೋಟಿ, ನೋಡುವ ಹಕ್ಕು, ಇಟ್ಟುಕೊಳ್ಳುವ ಹಕ್ಕು ಸಮುದಾಯದ್ದೇ ಎನ್ನುವ ನಾಲ್ಕು ಸೂತ್ರಗಳನ್ನು ಕೆನಡಾದ ಮೂಲನಿವಾಸಿಗಳು ತಾವೇ ರೂಪಿಸಿಕೊಂಡಿದ್ದಾರೆ. ಟೇಪು, ನಕ್ಷೆ ಎಲ್ಲ ಊರಿನ ಕಚೇರಿಯಲ್ಲೇ ಉಳಿಯಬೇಕು. ಒಂದು ಗಣಿಗಾಗಿ ಹೇಳಿದ್ದನ್ನು ಇನ್ನೊಂದು ಗಣಿಯ ವರದಿಗೆ ನಕಲು ಮಾಡಬಾರದು.

ಅಧ್ಯಯನಕ್ಕೆ ಹಣ ಕೊಡೋದು ಗಣಿ ಕಂಪನಿಯೇ ಅಲ್ವಾ?

ಹೆಚ್ಚಾಗಿ ಹೌದು. ಹಣ ಕಂಪನಿಯದಾದರೂ ಸಂಶೋಧಕರನ್ನು ಆರಿಸುವುದು, ಪ್ರಶ್ನೆ ಬರೆಯುವುದು, ಕೊನೆಯ ವರದಿಗೆ ಒಪ್ಪಿಗೆ ಕೊಡುವುದು ಸಮುದಾಯದ ಕೈಯಲ್ಲಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ. ಈಗ ಅನೇಕ ಕಡೆ ಹಾಗೆಯೇ ಮಾಡುತ್ತಾರೆ.

ಹಾಗಾದರೆ ಮೂಲನಿವಾಸಿಗಳೆಲ್ಲ ಗಣಿಗೆ ವಿರುದ್ಧವಾ?

ಇಲ್ಲ. ವಜ್ರದ ಗಣಿಗಳೊಡನೆ ಟ್ಲಿಚೊ, ಡೆನೆ, ಇನ್ಯುಯಿಟ್ ಜನ ಒಪ್ಪಂದ ಮಾಡಿಕೊಂಡಿದ್ದಾರೆ. ಉದ್ಯೋಗ, ಗುತ್ತಿಗೆ, ಹಣ ಎಲ್ಲ ಅದರಲ್ಲಿದೆ. ಒಂದೇ ಮನೆಯಲ್ಲಿ ಮಗ ಗಣಿಯಲ್ಲಿ ದುಡಿಯುತ್ತಾನೆ, ಅಪ್ಪ ಕ್ಯಾರಿಬೂ ಕಾಣದೆ ಮರುಗುತ್ತಾನೆ. ಗಣಿ ಎಲ್ಲಿ ಬರಬೇಕು, ರಸ್ತೆ ಹೇಗೆ ಹೋಗಬೇಕು, ಯಾವ ತಿಂಗಳು ಸ್ಫೋಟ ನಿಲ್ಲಿಸಬೇಕು ಎಂದು ಹೇಳಲೂ ಈ ಜ್ಞಾನ ಬೇಕು.

ಭಾರತದಲ್ಲಿ ಇಂಥದ್ದು ಇದೆಯಾ?

ನಮ್ಮ 2006ರ ಇಐಎ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ. ಆದರೆ ಒಂದು ದಿನದ ಸಭೆಯಲ್ಲಿ ಮೈಕಿನ ಮುಂದೆ ಕೆಲವು ನಿಮಿಷ ಮಾತಾಡುವುದು ನೆಲದ ಜ್ಞಾನ ಸಂಗ್ರಹಿಸಿದ ಹಾಗಲ್ಲ. ಇದಕ್ಕಿಂತ ಬಲವಾದ ದಾರಿ ತೆರೆದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕಾ ಬೇಡವಾ ಎನ್ನುವಾಗ, ಅಲ್ಲಿನವರ ಧಾರ್ಮಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮ ಸಭೆಗಳೇ ನೋಡಲಿ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲಿನಲ್ಲಿ ಹೇಳಿತು. ಹನ್ನೆರಡು ಗ್ರಾಮ ಸಭೆಗಳು ನಡೆದವು. ಡೋಂಗ್ರಿಯಾ ಕೊಂಧರು ಮತ್ತು ಅವರ ನೆರೆಯವರು ಎದ್ದು ನಿಂತು ತೊರೆ, ಹಣ್ಣು, ತಮ್ಮ ದೇವರು ನಿಯಮ ರಾಜನ ಬೆಟ್ಟದ ಬಗ್ಗೆ ಹೇಳಿದರು. ಹನ್ನೆರಡೂ ಬೇಡ ಎಂದವು.

ಇಐಎ ವರದಿ ಕೈಗೆ ಸಿಕ್ಕರೆ ಮೊದಲು ಏನು ನೋಡಲಿ?

ಈ ಜ್ಞಾನಕ್ಕೆ ಬೇರೆ ಒಂದು ಅಧ್ಯಾಯ ಕೊಟ್ಟು ಮುಗಿಸಿದ್ದಾರಾ, ಇಲ್ಲ ನೀರಿನ ಅಧ್ಯಾಯದಲ್ಲೂ ಪ್ರಾಣಿಯ ಅಧ್ಯಾಯದಲ್ಲೂ ಅದು ಕಾಣುತ್ತದಾ ನೋಡಿ. ಊರಿನವರು ಹೇಳಿದ್ದರಿಂದ ಯೋಜನೆಯಲ್ಲಿ ಏನಾದರೂ ಬದಲಾಯಿತಾ ಎಂದು ಹುಡುಕಿ. ಒಂದು ರಸ್ತೆಯೂ ಸರಿದಿಲ್ಲ, ಒಂದು ತಿಂಗಳೂ ಬದಲಾಗಿಲ್ಲ ಎಂದರೆ ಕೇಳಿದ್ದು ಬರೀ ಶಾಸ್ತ್ರಕ್ಕೆ. ಹೆಂಗಸರನ್ನು ಕೇಳಿದ್ದಾರಾ ಎನ್ನುವುದನ್ನೂ ನೋಡಿ. ಹಣ್ಣು, ಗಿಡ, ಚರ್ಮ, ಕುಡಿಯುವ ನೀರಿನ ವಿಷಯ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಗಣಿ ಮುಚ್ಚಿದ ಮೇಲೂ ಇದರ ಕೆಲಸ ಇರುತ್ತದಾ?

ಯೆಲ್ಲೋನೈಫ್ ಪಕ್ಕದಲ್ಲಿ ಜೈಂಟ್ ಎಂಬ ಚಿನ್ನದ ಗಣಿ 1948ರಿಂದ 2004ರ ತನಕ ನಡೆಯಿತು. ಶುರುವಾಗುವಾಗ ಯೆಲ್ಲೋನೈವ್ಸ್ ಡೆನೆ ಜನರನ್ನು ಯಾರೂ ಕೇಳಲಿಲ್ಲ. ಅದಿರು ಹುರಿದಾಗ ಹೊರಬಂದ ಆರ್ಸೆನಿಕ್ ಹಿಮದ ಮೇಲೆ ಬಿತ್ತು. ಆ ಹಿಮ ಕರಗಿಸಿಯೇ ಜನ ನೀರು ಕುಡಿಯುತ್ತಿದ್ದರು. 1951ರಲ್ಲಿ ಡೆನೆ ಮಗುವೊಂದು ಆರ್ಸೆನಿಕ್ ವಿಷದಿಂದ ಸತ್ತಿತು.

ಇಂದಿಗೂ ಅಲ್ಲಿ ನೆಲದಡಿ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಧೂಳು ಇದೆ. ನೀರಿಗೆ ಸೇರದಂತೆ ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ಇಡುವ ಕೆಲಸ ನಡೆದಿದೆ. ಶಾಶ್ವತವಾಗಿ ಹಾಗೇ ಇಡುವ ಮೊದಲ ಯೋಜನೆಯನ್ನು ಡೆನೆ ಜನ ಪ್ರಶ್ನಿಸಿದರು. 2013ರಲ್ಲಿ ಪರಿಶೀಲನಾ ಮಂಡಳಿ ಅದಕ್ಕೆ ನೂರು ವರ್ಷದ ಮಿತಿ ಹಾಕಿ, ಅಷ್ಟರಲ್ಲಿ ಉತ್ತಮ ದಾರಿ ಹುಡುಕುತ್ತಿರಬೇಕು ಎಂದಿತು. ಮುಂದೆ ಎಂದೋ ಹುಟ್ಟುವವರಿಗೆ ಇಲ್ಲಿ ಅಗೆಯಬೇಡಿ ಎಂದು ಹೇಗೆ ಹೇಳುವುದು ಎನ್ನುವ ಪ್ರಶ್ನೆಯೂ ಇದೆ. ಫಲಕದ ಭಾಷೆ ಬದಲಾಗಬಹುದು, ಕಾಗದ ಕಳೆದುಹೋಗಬಹುದು. ಈ ಎಚ್ಚರಿಕೆಯನ್ನು ಕಥೆಯಾಗಿ, ಸ್ಥಳದ ಹೆಸರಾಗಿ ಮೊಮ್ಮಕ್ಕಳಿಗೆ ದಾಟಿಸುವ ಬಗೆ ಹೇಗೆ ಎಂದು ಡೆನೆ ಹಿರಿಯರ ಜೊತೆ ಮಾತುಕತೆ ನಡೆದಿದೆ.